ಹೆನ್ರಿ ಮೇನ್ ಬದುಕನ್ನು ಕಾಸು ಬಿಚ್ಚದೆ ಓದುವುದು: ಇಂಟರ್ನೆಟ್ ಆರ್ಕೈವ್ ಮತ್ತು ಅದರ ಅಕ್ಕಪಕ್ಕದ ಸೇವೆಗಳು ಎಷ್ಟು ಕೈಹಿಡಿಯುತ್ತವೆ?

ಜೂರಿಸ್‌ಪ್ರುಡೆನ್ಸ್, ಅಂದರೆ ಕಾನೂನಿನ ತತ್ವಶಾಸ್ತ್ರ, ಓದಿದವರಿಗೆಲ್ಲ ಸರ್ ಹೆನ್ರಿ ಮೇನ್ ಗೊತ್ತು. ಅಂದರೆ ಪರೀಕ್ಷೆಯ ಒಂದು ಪ್ರಶ್ನೆಯಾಗಿ ಗೊತ್ತು. ಹುಟ್ಟಿನಿಂದ ಬಂದ ಸ್ಥಾನದಿಂದ ಕರಾರಿನ ಕಡೆಗೆ ಸಮಾಜ ಸಾಗಿತು ಎಂಬ ಅವರ ಸೂತ್ರ ಬರೆದು, ಕೆಳಗೆ ಗೆರೆ ಎಳೆದು ಬಂದರೆ ಮುಗಿಯಿತು. ಅದೇ ಮನುಷ್ಯ 1862ರಿಂದ 1869ರವರೆಗೆ ಗವರ್ನರ್ ಜನರಲ್ ಕೌನ್ಸಿಲಿನ ಕಾನೂನು ಸದಸ್ಯರಾಗಿ ಕಲ್ಕತ್ತದಲ್ಲಿ ಕೂತು ಕಾಯಿದೆ ಮಾಡಿದ್ದು, ಕೊನೆಯ ಹತ್ತು ವರ್ಷ ಕೇಂಬ್ರಿಜ್‌ನ ಟ್ರಿನಿಟಿ ಹಾಲ್ ಕಾಲೇಜಿನ ಮಾಸ್ಟರ್, ಅಂದರೆ ಮುಖ್ಯಸ್ಥ, ಆಗಿದ್ದು ಗೈಡುಗಳಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ. ಆ ಬದುಕನ್ನು ಮೂಲದಲ್ಲೇ ಓದಬೇಕು ಅನ್ನುವವರಿಗೆ ಬೇಕಾದ ಪುಸ್ತಕಗಳೆಲ್ಲ ಇವತ್ತು ಪುಕ್ಕಟೆ ಸಿಗುತ್ತವೆ. ಆದರೆ ಯಾವ ಸೇವೆಯಲ್ಲಿ ಏನು ಸಿಗುತ್ತದೆ, ಸಿಕ್ಕಿದ್ದು ಎಲ್ಲಿ ಕೈಕೊಡುತ್ತದೆ ಎಂದು ತಿಳಿಯದೆ ಹೊರಟರೆ ಅರ್ಧ ದಿನ ಹುಡುಕಾಟದಲ್ಲೇ ಹೋಗುತ್ತದೆ.

ಮೊದಲು ಇಂಟರ್ನೆಟ್ ಆರ್ಕೈವ್, ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಪುಕ್ಕಟೆ ಕೊಡುವ ತಾಣ. ಹುಡುಕುವ ಪೆಟ್ಟಿಗೆಯಲ್ಲಿ ಬರೀ ಮೇನ್, ಲಾ ಎಂದು ಹಾಕಿದರೆ ಅಮೆರಿಕದ ಮೇನ್ ರಾಜ್ಯದ ಶಾಸನಸಭೆ ಮಾಡಿದ ಕಾಯಿದೆಗಳೆಲ್ಲ ಸಾಲುಗಟ್ಟಿ ಬರುತ್ತವೆ. ಮೀನುಗಾರಿಕೆ, ರಸ್ತೆ, ಕೌಂಟಿ ತೆರಿಗೆ, ಎಲ್ಲ. ಇಂಗ್ಲಿಷ್ ಕಾಗುಣಿತ ಎರಡಕ್ಕೂ ಒಂದೇ. ಆದ್ದರಿಂದ ಅಡ್ವಾನ್ಸ್ಡ್ ಸರ್ಚ್‌ಗೆ ಹೋಗಿ, ಕ್ರಿಯೇಟರ್ ಎಂಬ ಕಾಲಮ್ಮಿನಲ್ಲಿ ಮೊದಲು ಮನೆತನದ ಹೆಸರು, ಕಾಮಾ, ಆಮೇಲೆ ಹೆನ್ರಿ ಎಂದು ಹಾಕಬೇಕು. ಲೈಬ್ರರಿ ಕ್ಯಾಟಲಾಗಿನಲ್ಲಿ ಅವರು ಹೆನ್ರಿ ಸಮ್ನರ್ ಮೇನ್, 1822–1888. ಕೆಲವು ಪ್ರತಿಗಳು ಸಮ್ನರ್ ಮೇನ್ ಎಂಬ ಹೆಸರಿಗೂ ಹತ್ತಿರುತ್ತವೆ, ಅದನ್ನೂ ಒಮ್ಮೆ ಹಾಕಿ ನೋಡಿ.

ಇಷ್ಟಾದರೂ ಮುಖ್ಯ ಪುಸ್ತಕ ಸಿಗುವುದಿಲ್ಲ, ಯಾಕೆಂದರೆ ಅದರ ಲೇಖಕರು ಮೇನ್ ಅಲ್ಲ. 1892ರಲ್ಲಿ ಲಂಡನ್ನಿನ ಜಾನ್ ಮರ್ರಿ ಪ್ರಕಟಿಸಿದ ಚಿಕ್ಕ ಜೀವನಚರಿತ್ರೆ ಅದು. ಬರೆದವರು ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್ ಗ್ರಾಂಟ್ ಡಫ್. ಪುಸ್ತಕದ ದೊಡ್ಡ ಪಾಲು ಮೇನ್ ಭಾರತದಲ್ಲಿ ಮಾಡಿದ ಭಾಷಣಗಳು ಮತ್ತು ಬರೆದ ಆಡಳಿತ ಟಿಪ್ಪಣಿಗಳು. ಅವನ್ನು ಆರಿಸಿ ಕೂಡಿಸಿದವರು ವಿಟ್ಲಿ ಸ್ಟೋಕ್ಸ್, ಮುಂದೆ ತಾವೂ ಅದೇ ಕಾನೂನು ಸದಸ್ಯರ ಕುರ್ಚಿಯಲ್ಲಿ ಕೂತವರು. ಕ್ಯಾಟಲಾಗಿನಲ್ಲಿ ಇದು ಒಂದು ಕಡೆ ಗ್ರಾಂಟ್ ಡಫ್ ಹೆಸರಿನಲ್ಲಿ, ಇನ್ನೊಂದು ಕಡೆ ಬರೀ ಡಫ್ ಹೆಸರಿನಲ್ಲಿ ಇರಬಹುದು. ಅಲ್ಲೂ ಒಂದು ತೊಡಕಿದೆ: ಗ್ರಾಂಟ್ ಡಫ್ ಎಂದು ಹುಡುಕಿದರೆ ಮೊದಲು ಎದುರಾಗುವುದು ಅವರ ಅಪ್ಪ, ಸತಾರದಲ್ಲಿದ್ದು ಮರಾಠರ ಇತಿಹಾಸ ಬರೆದ ಜೇಮ್ಸ್ ಗ್ರಾಂಟ್ ಡಫ್. ಮಗ 1881ರಿಂದ 1886ರವರೆಗೆ ಮದ್ರಾಸಿನ ಗವರ್ನರ್. ಮಂಗಳೂರು, ಬಳ್ಳಾರಿ ಎಲ್ಲ ಆಗ ಅವರ ಆಡಳಿತದ ಕೆಳಗೇ ಇದ್ದವು.

ಈ ಪುಸ್ತಕವನ್ನು ಹಿಂದಿನಿಂದ ಓದಬೇಕು ಎಂಬುದು ನನ್ನ ಸಲಹೆ. ಮುಂಭಾಗದ ಜೀವನಚರಿತ್ರೆ ಗೆಳೆಯನೊಬ್ಬ ಗೆಳೆಯನ ಬಗ್ಗೆ ಬರೆದದ್ದು: ಸೌಜನ್ಯ ಜಾಸ್ತಿ, ಒಳಗಿನ ಸುದ್ದಿ ಕಡಿಮೆ. 1822ರ ಆಗಸ್ಟ್ 15ರಂದು ಹುಟ್ಟಿದ್ದು, ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆ, ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜು, 1847ರಲ್ಲಿ ಇಪ್ಪತ್ತೈದಕ್ಕೇ ಸಿವಿಲ್ ಲಾ ಪ್ರೊಫೆಸರ್, 1850ರಲ್ಲಿ ಬ್ಯಾರಿಸ್ಟರ್, 1861ರಲ್ಲಿ ಹೆಸರು ತಂದ ಗ್ರಂಥ ‘ಏನ್ಷಿಯಂಟ್ ಲಾ’. ಇಷ್ಟೆಲ್ಲ ಯಾವ ವಿಶ್ವಕೋಶದಲ್ಲೂ ಸಿಗುತ್ತದೆ. ಬೇರೆ ಕಡೆ ಸುಲಭವಾಗಿ ಸಿಗದೆ ಇರುವುದು ಹಿಂಭಾಗದ ಟಿಪ್ಪಣಿಗಳು. ಕೌನ್ಸಿಲಿನಲ್ಲಿ ಎದುರಾಳಿಯ ವಾದವನ್ನು ಮೇನ್ ಹೇಗೆ ಬಿಡಿಸಿ ಬಿಡಿಸಿ ಇಡುತ್ತಾರೆ, ಎಲ್ಲಿ ಬಿಟ್ಟುಕೊಡುತ್ತಾರೆ, ಎಲ್ಲಿ ಗಟ್ಟಿ ಹಿಡಿಯುತ್ತಾರೆ ಎಂಬುದು ಅಲ್ಲಿ ಕಾಣುತ್ತದೆ. ವಕೀಲ ಎಂದರೆ ಯಾರು ಎಂದು ಗೊತ್ತಾಗುವುದು ಅಲ್ಲಿಯೇ.

ಉದಾಹರಣೆಗೆ ಈಗಿನ ಗುಜರಾತಿನ ಕಾಠಿಯಾವಾಡದ ಬಗ್ಗೆ 1864ರ ಮಾರ್ಚ್ 22ರಂದು ಬರೆದ ಟಿಪ್ಪಣಿ. ಅಲ್ಲಿನ ಸಣ್ಣ ಸಂಸ್ಥಾನಗಳು ಬ್ರಿಟಿಷ್ ನೆಲವೋ, ಪರದೇಶವೋ ಎಂಬುದು ಪ್ರಶ್ನೆ. ಸಾರ್ವಭೌಮತ್ವ ಎನ್ನುವುದು ಇಡಿಯಾಗಿ ಇರಬೇಕು, ಇಲ್ಲವೇ ಇಲ್ಲ ಎನ್ನುವಂಥದ್ದಲ್ಲ. ಯುದ್ಧ ಹೂಡುವುದು, ಕಾಯಿದೆ ಮಾಡುವುದು, ನ್ಯಾಯ ಕೊಡುವುದು, ಹೀಗೆ ಹಲವು ಅಧಿಕಾರಗಳ ಗಂಟು ಅದು. ಗಂಟು ಬಿಚ್ಚಿ ಒಂದಿಷ್ಟು ಇವನಿಗೆ, ಒಂದಿಷ್ಟು ಅವನಿಗೆ ಹಂಚಬಹುದು ಎಂಬುದು ಮೇನ್ ಕೊಟ್ಟ ಉತ್ತರ. ಸಾಮ್ರಾಜ್ಯಕ್ಕೆ ಇದಕ್ಕಿಂತ ಅನುಕೂಲದ ಸಿದ್ಧಾಂತ ಬೇಕಿರಲಿಲ್ಲ. ಟಿಪ್ಪಣಿ ಬರೆದಾಗ ಮೈಸೂರು ಇನ್ನೂ ಕಮಿಷನರ್ ಆಡಳಿತದಲ್ಲಿತ್ತು, ಒಡೆಯರಿಗೆ ಮರಳಿದ್ದು 1881ರ ಮಾರ್ಚ್‌ನಲ್ಲಿ. ಹಾಗೆ ಮರಳಿಸುವಾಗ ಯಾವ ಅಧಿಕಾರ ಕೊಟ್ಟರು, ಯಾವುದನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು ಎಂದು ನೋಡುವವರು ಈ ಕೆಲವೇ ಪುಟಗಳನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಇನ್ನು ಆರ್ಕೈವ್ ಕೊಡುವ ಫೈಲುಗಳ ಗುಣಮಟ್ಟ. ಒಂದೇ ಪುಸ್ತಕಕ್ಕೆ ಪಿಡಿಎಫ್, ಇಪಬ್, ಬರೀ ಪಠ್ಯ, ಪುಟಪುಟದ ಜೆಪಿ2 ಚಿತ್ರಗಳ ಜಿಪ್, ಹೀಗೆ ನಾಲ್ಕಾರು ರೂಪ ಇರುತ್ತವೆ. ಓದಲು ಪಿಡಿಎಫ್ ಸಾಕು. ಅದರಲ್ಲಿ ಅಕ್ಷರದ ಪದರ ಬೇರೆ, ಕಾಗದದ ಹಿನ್ನೆಲೆ ಬೇರೆ ಮಾಡಿ ಕುಗ್ಗಿಸಿರುತ್ತಾರೆ. ಹಾಗಾಗಿ ಫೈಲು ಸಣ್ಣದು, ಆದರೆ ಅಡಿಟಿಪ್ಪಣಿಯ ಸಣ್ಣ ಅಕ್ಷರದಲ್ಲಿ 3 ಮತ್ತು 8, 1 ಮತ್ತು 7 ಒಂದರಂತೆ ಒಂದು ಕಾಣುತ್ತವೆ. ಕಾಯಿದೆಯ ಸೆಕ್ಷನ್ ಸಂಖ್ಯೆ, ವರ್ಷ ಇವನ್ನು ಬರೆದುಕೊಳ್ಳುವಾಗ ಪಿಡಿಎಫ್ ನಂಬಬೇಡಿ. ಆನ್‌ಲೈನ್ ರೀಡರ್‌ನಲ್ಲಿ ಆ ಪುಟ ತೆರೆದು ದೊಡ್ಡದು ಮಾಡಿದರೆ ಮೂಲ ಚಿತ್ರದ ಹತ್ತಿರದ ಸ್ಪಷ್ಟತೆ ಸಿಗುತ್ತದೆ. ಅನುಮಾನ ಅಲ್ಲಿ ತೀರದಿದ್ದರೆ ಮಾತ್ರ ಜೆಪಿ2 ಇಳಿಸಿಕೊಳ್ಳಿ, ಅದು ತೂಕದ ಫೈಲು.

ಇಪಬ್ ಬಗ್ಗೆ ಒಂದೇ ಮಾತು: ಬೇಡ. ಯಂತ್ರ ಓದಿದ ಪಠ್ಯವನ್ನು ಯಂತ್ರವೇ ಜೋಡಿಸಿದ್ದು ಅದು. ಪುಟದ ತಲೆಬರಹ ವಾಕ್ಯದ ನಡುವೆ ಬಂದು ಕೂರುತ್ತದೆ, ಅಡಿಟಿಪ್ಪಣಿ ಮುಂದಿನ ಪುಟದ ಮೊದಲ ಸಾಲಿಗೆ ಅಂಟಿಕೊಳ್ಳುತ್ತದೆ. ಭಾಷಣದ ಓಟ ಹಿಡಿದು ಓದಬೇಕಾದ ಪುಸ್ತಕದಲ್ಲಿ ಇದು ಅಕ್ಕಿಯೊಳಗಿನ ಕಲ್ಲಿನ ಹಾಗೆ.

ಪುಸ್ತಕದೊಳಗೆ ಹುಡುಕುವ ಸೌಲಭ್ಯ ಉಪಯೋಗಕ್ಕೆ ಬರುತ್ತದೆ, ಆದರೆ ಅದು ಹುಡುಕುವುದೂ ಅದೇ ಯಂತ್ರದ ಪಠ್ಯದಲ್ಲಿ. ಸಾಲಿನ ಕೊನೆಯಲ್ಲಿ ಒಡೆದ ಪದ ಅನೇಕ ಸಲ ಸಿಗುವುದಿಲ್ಲ. ಸ್ಟೋಕ್ಸ್ ಭಾಷಾಪಂಡಿತರು, ಭಾರತದ ಹೆಸರುಗಳಿಗೆ ಸ್ವರದ ಮೇಲೆ ಗುರುತು ಹಾಕಿ ಮುದ್ರಿಸಿದ್ದಾರೆ, ಯಂತ್ರ ಅದನ್ನು ಏನೇನೋ ಓದುತ್ತದೆ. ಕಾಠಿಯಾವಾಡ ಸಿಗದಿದ್ದರೆ ಪದದ ನಡುವಿನ ಗುರುತಿಲ್ಲದ ತುಂಡನ್ನು ಹಾಕಿ ನೋಡಿ, ಅಥವಾ ಆ ಪ್ಯಾರಾದಲ್ಲಿ ಇರಲೇಬೇಕಾದ ಬೇರೆ ಸಾದಾ ಪದ ಹಾಕಿ. ಊರುಗಳನ್ನು ಆ ಕಾಲದ ಇಂಗ್ಲಿಷ್ ಹೆಸರಿನಲ್ಲೇ ಹುಡುಕಬೇಕು: ಕೂರ್ಗ್, ಮೈಸೋರ್, ಕ್ಯಾನರಾ, ಬೆಲ್ಲಾರಿ. ಎಲ್ಲಕ್ಕಿಂತ ಗ್ಯಾರಂಟಿ ದಾರಿ ಪುಸ್ತಕದ ಹಿಂದಿನ ಅಚ್ಚಿನ ಸೂಚಿ.

ಪುಟಸಂಖ್ಯೆಯಲ್ಲಿ ಎಡವುವವರು ಬಹಳ. ರೀಡರ್‌ನ ವಿಳಾಸಪಟ್ಟಿಯಲ್ಲಿ ಎನ್ ಅಕ್ಷರದ ಜೊತೆ ಬರುವ ಸಂಖ್ಯೆ ಸ್ಕ್ಯಾನಿನ ಹಾಳೆಯ ಸಂಖ್ಯೆ, ಅಚ್ಚಿನ ಪುಟಸಂಖ್ಯೆಯಲ್ಲ. ರಟ್ಟು, ಖಾಲಿ ಹಾಳೆ, ಮುನ್ನುಡಿ ಎಲ್ಲ ಸೇರಿ ಎರಡಕ್ಕೂ ಹತ್ತಿಪ್ಪತ್ತರ ವ್ಯತ್ಯಾಸ ಬರುತ್ತದೆ. ಪ್ರಬಂಧದಲ್ಲಿ ಉಲ್ಲೇಖಿಸುವಾಗ ಪುಟದ ಮೂಲೆಯಲ್ಲಿ ಅಚ್ಚಾದ ಸಂಖ್ಯೆಯನ್ನೇ ಕೊಡಿ.

ಆರ್ಕೈವ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಪ್ರತಿಗಳೂ ಇವೆ, ನಮ್ಮ ದೇಶದ ಗ್ರಂಥಾಲಯಗಳಲ್ಲಿ ಸ್ಕ್ಯಾನ್ ಆದವು. ವಿಳಾಸದಲ್ಲೇ ಡಿಎಲ್ಐ ಎಂದು ಇರುತ್ತದೆ, ಗುರುತು ಹಿಡಿಯುವುದು ಸುಲಭ. ಇವು ಕಪ್ಪುಬಿಳುಪು, ಪುಟ ಓರೆ, ಕೆಲವೆಡೆ ಹಾಳೆಯೇ ಬಿಟ್ಟುಹೋಗಿರುತ್ತದೆ; ಶೀರ್ಷಿಕೆಯ ಕಾಗುಣಿತ, ಪ್ರಕಟಣೆಯ ವರ್ಷ ತಪ್ಪಾಗಿ ನಮೂದಾಗಿರುವುದು ಮಾಮೂಲು. ಕನ್ನಡ ಪುಸ್ತಕಗಳಿಗೆ ಈ ಸಂಗ್ರಹ ದೊಡ್ಡ ಉಪಕಾರ, ಬೇರೆ ಕಡೆ ಸಿಗದವು ಇಲ್ಲಿವೆ. ಆದರೆ ಮೇನ್ ಪುಸ್ತಕಗಳಿಗೆ ಅಮೆರಿಕ, ಕೆನಡಾದ ವಿಶ್ವವಿದ್ಯಾಲಯಗಳ ಬಣ್ಣದ ಸ್ಕ್ಯಾನ್ ಇರುವಾಗ ಇದರ ತಂಟೆಗೆ ಹೋಗುವ ಅಗತ್ಯ ಇಲ್ಲ. ಇಳಿಸಿಕೊಳ್ಳುವ ಮೊದಲು ಕೊನೆಯ ಪುಟಕ್ಕೆ ಹಾರಿ ಸೂಚಿ ಪೂರ್ತಿ ಇದೆಯೇ ಎಂದು ನೋಡಿದರೆ ಅರ್ಧ ತಲೆನೋವು ತಪ್ಪುತ್ತದೆ.

‘ಏನ್ಷಿಯಂಟ್ ಲಾ’ ಓದುವವರು ಆವೃತ್ತಿ ನೋಡಿಕೊಳ್ಳಬೇಕು. 1861ರ ಮೊದಲ ಮುದ್ರಣ, 1864ರ ಅಮೆರಿಕನ್ ಮುದ್ರಣ, ಫ್ರೆಡರಿಕ್ ಪೊಲಾಕ್ ಟಿಪ್ಪಣಿ ಸೇರಿಸಿದ 1906ರ ಮುದ್ರಣ, ಎಲ್ಲವೂ ಒಂದೇ ಪಟ್ಟಿಯಲ್ಲಿ ಬೆರೆತಿರುತ್ತವೆ. ಹೊಸದಾಗಿ ಓದುವವರು ಪೊಲಾಕ್ ಪ್ರತಿಯನ್ನೇ ಹಿಡಿಯಿರಿ. ಮೇನ್ ಅಡಿಟಿಪ್ಪಣಿ ಹಾಕುವ ಗೋಜಿಗೆ ಹೋದವರಲ್ಲ, ಎಲ್ಲಿಂದ ತಂದರು ಎಂದು ಹೇಳದೆ ಮುಂದೆ ಹೋಗುತ್ತಾರೆ. ಎಲ್ಲಿ ಅವರ ಮಾತು ನಿಲ್ಲುವುದಿಲ್ಲ ಎಂದು ಪೊಲಾಕ್ ಅಧ್ಯಾಯದ ಕೊನೆಯಲ್ಲಿ ಹೇಳುತ್ತಾರೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಇರುವುದು ಎವರಿಮನ್ಸ್ ಲೈಬ್ರರಿ ಮುದ್ರಣದ ಪಠ್ಯ, ಜೆ. ಎಚ್. ಮಾರ್ಗನ್ ಮುನ್ನುಡಿಯದು. ಮನುಷ್ಯರೇ ಕೂತು ತಿದ್ದಿದ ಪಠ್ಯವಾದ್ದರಿಂದ ಮೊಬೈಲಿನಲ್ಲಿ ಓದಲು, ಪದ ಹುಡುಕಲು ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಪೊಲಾಕ್ ಟಿಪ್ಪಣಿ ಅದರಲ್ಲಿ ಇಲ್ಲ. ಗುಟೆನ್‌ಬರ್ಗ್‌ನಲ್ಲಿ ಹುಡುಕಿ, ಆರ್ಕೈವ್‌ನಲ್ಲಿ ಪುಟ ನೋಡಿ ಉಲ್ಲೇಖಿಸಿ. ಎರಡನ್ನೂ ಪಕ್ಕಪಕ್ಕ ತೆರೆದಿಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ.

ಒಂದೇ ಕೂತಲ್ಲಿ ಇಡೀ ಬದುಕು ತಿಳಿಯಬೇಕು ಅನ್ನುವವರಿಗೆ ವಿಕಿಸೋರ್ಸ್ ಸಾಕು. ಅಲ್ಲಿ ಹಳೆಯ ಡಿಕ್ಷನರಿ ಆಫ್ ನ್ಯಾಷನಲ್ ಬಯಾಗ್ರಫಿ ಪೂರ್ತಿ ಇದೆ, ಮೇನ್ 35ನೇ ಸಂಪುಟದಲ್ಲಿ ಬರುತ್ತಾರೆ. ಲೇಖನದ ಕೊನೆಯ ಸಹಿಯಕ್ಷರ ಗಮನಿಸಿ: ಅದು ಲೆಸ್ಲಿ ಸ್ಟೀಫನ್. ಈತ ಟ್ರಿನಿಟಿ ಹಾಲ್‌ನಲ್ಲೇ ಫೆಲೋ ಆಗಿದ್ದವರು. ಕಲ್ಕತ್ತದಲ್ಲಿ ಮೇನ್ ಬಿಟ್ಟ ಕುರ್ಚಿಗೆ ಬಂದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಅವರ ಸ್ವಂತ ಅಣ್ಣ. 1911ರ ಬ್ರಿಟಾನಿಕಾ ಲೇಖನವೂ ವಿಕಿಸೋರ್ಸ್‌ನಲ್ಲಿದೆ, ಅದು ಪೊಲಾಕ್ ಬರೆದದ್ದು. ಆಕ್ಸ್‌ಫರ್ಡ್‌ನಲ್ಲಿ ಮೇನ್ ಅವರ ಪೀಠಕ್ಕೆ 1883ರಲ್ಲಿ ಬಂದವರು ಅವರೇ. ಗ್ರಾಂಟ್ ಡಫ್ ಸೇರಿಸಿದರೆ ಮೂರೂ ಲೇಖನ ಒಂದೇ ವಲಯದ ಗೆಳೆಯರ ಕೈಯವು. ಮೂರರಲ್ಲೂ ಒಂದೇ ಮಾತು ಇದೆ ಎಂದರೆ ಮೂರು ಸಾಕ್ಷಿ ಸಿಕ್ಕಿತು ಎಂದು ಲೆಕ್ಕ ಹಾಕಬಾರದು. ಕೇಸು ನಡೆಸಿದ ಯಾವ ವಕೀಲನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾಸ್ಟರ್ ಹುದ್ದೆಯ ಕಥೆಯೇ ಇದಕ್ಕೆ ಉದಾಹರಣೆ. ಟ್ರಿನಿಟಿ ಹಾಲ್ 1350ರಲ್ಲಿ ಬಿಷಪ್ ವಿಲಿಯಂ ಬೇಟ್‌ಮನ್ ಕಾನೂನು ಓದಿಗೆಂದೇ ಕಟ್ಟಿದ ಕಾಲೇಜು. 1877ರಲ್ಲಿ ಮಾಸ್ಟರ್ ಜಾಗ ಖಾಲಿಯಾದಾಗ ಇಬ್ಬರು ಗಟ್ಟಿ ಅಭ್ಯರ್ಥಿಗಳು ಸಮಬಲರಾಗಿ ನಿಂತರು, ಯಾರನ್ನು ಆರಿಸಿದರೂ ಕಷ್ಟ. ಕೊನೆಗೆ ಎಲ್ಲರೂ ಒಮ್ಮತದಿಂದ ಮೇನ್ ಅವರನ್ನು ಕರೆದರು. ಬ್ರಿಟಾನಿಕಾದಲ್ಲಿ ಇದು ಗೌರವದ ಸಂಗತಿಯಾಗಿ ಬರುತ್ತದೆ. ಗೌರವವೇ ಸರಿ, ಆದರೆ ಜಗಳ ತಪ್ಪಿಸಲು ಮೂರನೆಯವರನ್ನು ಕರೆಯುವುದು ಕಾಲೇಜು ರಾಜಕೀಯದ ಹಳೆಯ ಉಪಾಯವೂ ಹೌದು. ಆ ಹುದ್ದೆಗೆ ಅವರು ವರ್ಷವಿಡೀ ಕೇಂಬ್ರಿಜ್‌ನಲ್ಲೇ ಇರಬೇಕಾಗಿರಲಿಲ್ಲ. 1871ರಿಂದ ಲಂಡನ್ನಿನ ಇಂಡಿಯಾ ಕೌನ್ಸಿಲಿನ ಸದಸ್ಯತ್ವವೂ ಇತ್ತು. 1887ರಲ್ಲಿ ಇಂಟರ್‌ನ್ಯಾಷನಲ್ ಲಾ ಪೀಠ ಸಿಕ್ಕಿತು. ಮರುವರ್ಷ ಫೆಬ್ರವರಿ 3ರಂದು ಫ್ರಾನ್ಸಿನ ಕಾನ್‌ನಲ್ಲಿ ತೀರಿಕೊಂಡರು. ಕಾಲೇಜಿನ ದಿನನಿತ್ಯದ ಆಡಳಿತದಲ್ಲಿ ಅವರು ಏನು ಮಾಡಿದರು ಎಂಬ ವಿವರಕ್ಕೆ ಈ ಪುಕ್ಕಟೆ ಮೂಲಗಳು ಸೋಲುತ್ತವೆ.

ಆ ಭಾಗಕ್ಕೆ ಹೊಸ ಕೆಲಸವನ್ನೇ ನೋಡಬೇಕು. ಜಾರ್ಜ್ ಫೀವರ್ ಬರೆದ 1969ರ ಜೀವನಚರಿತ್ರೆ ಇನ್ನೂ ಹಕ್ಕುಸ್ವಾಮ್ಯದೊಳಗೇ ಇದೆ. ಇಂಥ ಪುಸ್ತಕಗಳನ್ನು ಆರ್ಕೈವ್ ಎರವಲಿಗೆ ಮಾತ್ರ ಕೊಡುತ್ತದೆ: ಪುಕ್ಕಟೆ ಖಾತೆ ತೆರೆದು ಲಾಗಿನ್ ಆಗಿ, ಒಂದು ಗಂಟೆಯ ಲೆಕ್ಕದಲ್ಲಿ. ಪ್ರಕಾಶಕರ ಮೊಕದ್ದಮೆಯಲ್ಲಿ ಸೋತ ಮೇಲೆ ಎರವಲು ಪಟ್ಟಿಯಿಂದ ಲಕ್ಷಗಟ್ಟಲೆ ಪುಸ್ತಕ ಹೊರಗೆ ಹೋಗಿವೆ, ಹಾಗಾಗಿ ಇಂದು ಸಿಕ್ಕಿದ್ದು ನಾಳೆ ಸಿಗುತ್ತದೆ ಎಂದು ನಂಬಿ ಕೂರಬೇಡಿ. 2004ರ ಹೊಸ ಆಕ್ಸ್‌ಫರ್ಡ್ ಜೀವನಕೋಶಕ್ಕೆ ಚಂದಾ ಬೇಕು. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಅದು ಸಲೀಸು, ಅಲ್ಲಿನ ಬಹುಪಾಲು ಊರಿನ ಲೈಬ್ರರಿ ಕಾರ್ಡಿನ ನಂಬರ್ ಹಾಕಿದರೆ ಮನೆಯಿಂದಲೇ ತೆರೆಯುತ್ತದೆ. ಇಲ್ಲಿರುವವರು ತಮ್ಮ ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನು ಕೇಳುವುದೇ ಸರಿ.

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಸೇರಿ ನಡೆಸುವ ಸ್ಕ್ಯಾನ್ ಸಂಗ್ರಹ ಹಾತಿಟ್ರಸ್ಟ್ ಹುಡುಕಾಟಕ್ಕೆ ಚೆನ್ನ, ಇಳಿಸಿಕೊಳ್ಳಲು ಅಲ್ಲ. ಗೂಗಲ್ ಸ್ಕ್ಯಾನ್ ಮಾಡಿದ ಬಹುಪಾಲು ಪುಸ್ತಕಗಳನ್ನು ಸದಸ್ಯ ಸಂಸ್ಥೆಯವರಲ್ಲದವರು ಪುಟಪುಟವಾಗಿ ಮಾತ್ರ ಇಳಿಸಬೇಕು. ಹಕ್ಕಿನ ಲೆಕ್ಕ ದೇಶವಾರು ಹಾಕುವುದರಿಂದ ಅಮೆರಿಕದಲ್ಲಿ ತೆರೆಯುವ ಕೆಲವು ಸಂಪುಟ ಭಾರತದಲ್ಲಿ ತೆರೆಯುವುದಿಲ್ಲ.

ಇನ್ನು ದುಡ್ಡು ಕೊಟ್ಟು ಕೊಳ್ಳುವ ಮರುಮುದ್ರಣಗಳು. ಆನ್‌ಲೈನ್ ಅಂಗಡಿಗಳಲ್ಲಿ ಗ್ರಾಂಟ್ ಡಫ್ ಪುಸ್ತಕ ಆರ್ಡರ್ ಬಂದ ಮೇಲೆ ಅಚ್ಚು ಹಾಕುವ ಪದ್ಧತಿಯಲ್ಲಿ ಸಿಗುತ್ತದೆ. ಇವುಗಳ ಮೂಲ ಸಾಮಾನ್ಯವಾಗಿ ಮೇಲೆ ಹೇಳಿದ ಪುಕ್ಕಟೆ ಸ್ಕ್ಯಾನುಗಳೇ. ಎರಡು ಜಾತಿ ಇವೆ. ಪುಟದ ಚಿತ್ರವನ್ನೇ ಅಚ್ಚು ಹಾಕಿದ್ದು ಪರವಾಗಿಲ್ಲ, ಅಂಚು ಕತ್ತರಿಸಿ ಸಾಲಿನ ಕೊನೆ ಹೋಗಿರದಿದ್ದರೆ. ಯಂತ್ರದ ಪಠ್ಯವನ್ನು ಹೊಸದಾಗಿ ಜೋಡಿಸಿದ್ದು ಮಾತ್ರ ದುಡ್ಡು ದಂಡ: ಪುಟಸಂಖ್ಯೆ ಬೇರೆಯಾಗಿರುತ್ತದೆ, ಹಿಂದಿನ ಸೂಚಿ ಕೆಲಸಕ್ಕೆ ಬಾರದು. ಮಾದರಿ ಪುಟ ತೋರಿಸದ ಪ್ರತಿ ಕೊಳ್ಳಬೇಡಿ. ಕಾಗದದಲ್ಲೇ ಬೇಕು ಎಂದಾದರೆ ಪಿಡಿಎಫ್ ಒಯ್ದು ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಅಡ್ಡ ಎ4 ಹಾಳೆಗೆ ಎರಡು ಪುಟದಂತೆ, ಎರಡೂ ಮಗ್ಗುಲು ಹಾಕಿಸಿ ಸ್ಪೈರಲ್ ಮಾಡಿಸಿ. ಮೂಲ ಪುಸ್ತಕದ ಅಳತೆ ಚಿಕ್ಕದು, ಅಕ್ಷರ ಸಲೀಸಾಗಿ ಓದಲು ಬರುತ್ತದೆ. ಕಪ್ಪುಬಿಳುಪು ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಹಳದಿ ಕಾಗದದ ಹಿನ್ನೆಲೆಗೂ ಬಣ್ಣದ ರೇಟು ಹಾಕುತ್ತಾರೆ. ಗ್ರಾಂಟ್ ಡಫ್ ತೀರಿಕೊಂಡದ್ದು 1906ರಲ್ಲಿ, ಸ್ಟೋಕ್ಸ್ 1909ರಲ್ಲಿ. ನಮ್ಮಲ್ಲಿ ಹಕ್ಕು ಇರುವುದು ಲೇಖಕ ತೀರಿದ ಮೇಲೆ ಅರವತ್ತು ವರ್ಷ, ಆದ್ದರಿಂದ ಅಚ್ಚು ಹಾಕಿಸಲು ಅಡ್ಡಿಯಿಲ್ಲ.

ಕಾಯಿದೆಗಳ ಮೂಲಪಾಠಕ್ಕೆ ಸರ್ಕಾರದ ಇಂಡಿಯಾ ಕೋಡ್ ತಾಣ ಸಾಕಾಗುವುದಿಲ್ಲ. ಅದು ಇಂದಿನ ತಿದ್ದುಪಡಿಯಾದ ರೂಪ ಕೊಡುವ ಸೇವೆ. 1869ರ ಇಂಡಿಯನ್ ಡೈವೋರ್ಸ್ ಆಕ್ಟ್ ಅಲ್ಲಿ ಸಿಗುತ್ತದೆ, ಆದರೆ ಹೆಸರಿನ ಮುಂದಿನ ಇಂಡಿಯನ್ 2001ರ ತಿದ್ದುಪಡಿಯಲ್ಲಿ ಹೋಗಿದೆ, ಒಳಗೂ ಬಹಳ ಬದಲಾಗಿದೆ. 1865ರ ಉತ್ತರಾಧಿಕಾರ ಕಾಯಿದೆಯ ಜಾಗಕ್ಕೆ 1925ರದ್ದು ಬಂದಿದೆ. ಮೇನ್ ಕೈಯಲ್ಲಿ ಪಾಸಾದ ರೂಪಕ್ಕೆ ಹತ್ತಿರದ್ದು ಬೇಕೆಂದರೆ ಆರ್ಕೈವ್‌ನಲ್ಲಿ ಸ್ಟೋಕ್ಸ್ ಸಂಪಾದಿಸಿದ ‘ಆಂಗ್ಲೋ-ಇಂಡಿಯನ್ ಕೋಡ್ಸ್’ ನೋಡಿ, ಎರಡು ಸಂಪುಟ, 1887–88. ಉತ್ತರಾಧಿಕಾರ ಕಾಯಿದೆ ಮೊದಲ ಸಂಪುಟದಲ್ಲಿದೆ. ಮೇನ್ ಅದನ್ನು ಬರೆದರು ಎಂದು ಹಲವರು ಬರೆಯುತ್ತಾರೆ, ಅದು ತಪ್ಪು; ಕರಡು ಲಂಡನ್ನಿನ ಲಾ ಕಮಿಷನ್ನಿನದು, ಕೌನ್ಸಿಲಿನಲ್ಲಿ ದಾಟಿಸಿದವರು ಮೇನ್. ಮದುವೆಯಾದ ಮಾತ್ರಕ್ಕೆ ಗಂಡನಿಗೆ ಹೆಂಡತಿಯ ಆಸ್ತಿಯಲ್ಲಾಗಲಿ, ಹೆಂಡತಿಗೆ ಗಂಡನದರಲ್ಲಾಗಲಿ ಹಕ್ಕು ಹುಟ್ಟುವುದಿಲ್ಲ ಎನ್ನುವ ಅದರ 4ನೇ ಸೆಕ್ಷನ್ ಓದಿ. ಇಂಗ್ಲೆಂಡಿನ ಹೆಂಗಸರು ಅಂಥ ಕಾಯಿದೆಗೆ 1882ರವರೆಗೆ ಕಾಯಬೇಕಾಯಿತು. 331ನೇ ಸೆಕ್ಷನ್ ಹಿಂದೂ, ಮುಸಲ್ಮಾನ, ಬೌದ್ಧರನ್ನು ಹೊರಗಿಡುತ್ತದೆ. 332ನೆಯದು ಬೇರೆ ಯಾವ ಪಂಗಡಕ್ಕಾದರೂ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಅದನ್ನು ಬಳಸಿ 1868ರಲ್ಲಿ ಕೊಡಗಿನ ದೇಶೀ ಕ್ರೈಸ್ತರನ್ನು ಈ ಕಾಯಿದೆಯಿಂದ ಹೊರಗಿಟ್ಟರು. ಕೊಡಗಿನ ಹಳೆಯ ಆಸ್ತಿ ವ್ಯಾಜ್ಯಗಳ ಕಡತ ನೋಡುವವರಿಗೆ ಇದು ಈಗಲೂ ಬೇಕಾಗುವ ವಿಷಯ.

ಸ್ಟೋಕ್ಸ್ ಆಯ್ಕೆಯಲ್ಲಿ ಇನ್ನೊಂದು ಕೊರತೆ ಉಂಟು: ಅದರಲ್ಲಿ ಮೇನ್ ಮಾತು ಮಾತ್ರ ಇದೆ, ಎದುರಿನವರ ಮಾತು ಇಲ್ಲ. ಮತಾಂತರ ಹೊಂದಿದವರ ಮರುಮದುವೆಯ ಕಾಯಿದೆ 1866ರಲ್ಲಿ ಪಾಸಾಯಿತು. ಬ್ರಹ್ಮಸಮಾಜದವರಿಗಾಗಿ 1868ರಲ್ಲಿ ತಂದ ಸಿವಿಲ್ ಮದುವೆ ಮಸೂದೆ ಮಾತ್ರ ಮೇನ್ ಕಾಲದಲ್ಲಿ ಮುಗಿಯಲಿಲ್ಲ, 1872ರಲ್ಲಿ ಸ್ಟೀಫನ್ ಅದನ್ನು ಬೇರೆ ರೂಪದಲ್ಲಿ ಪಾಸು ಮಾಡಿಸಿದರು. ಯಾರು ಏನೆಂದು ವಿರೋಧಿಸಿದರು ಎಂದು ತಿಳಿಯಲು ಕೌನ್ಸಿಲಿನ ನಡಾವಳಿಯನ್ನೇ ತೆಗೆಯಬೇಕು. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ 1854ರಿಂದಾಚೆಯ ಹಳೆಯ ಚರ್ಚೆಗಳಿವೆ, ಅದೂ ಪುಕ್ಕಟೆ. ಅಲ್ಲಿ ಮಸೂದೆಯ ಹೆಸರು ಹಾಕಿ ಹುಡುಕಿದರೆ ಬಹಳ ಸಲ ಏನೂ ಬರುವುದಿಲ್ಲ. ಸ್ಟೋಕ್ಸ್ ಕೊಟ್ಟಿರುವ ಭಾಷಣದ ತಾರೀಕು ಬರೆದುಕೊಂಡು, ವರ್ಷ, ತಿಂಗಳು, ದಿನ ಹಿಡಿದು ಇಳಿಯಿರಿ. ಆ ದಿನದ ಫೈಲಿನಲ್ಲಿ ಮೇನ್ ಎದ್ದು ನಿಲ್ಲುವ ಮೊದಲು ಮಾತಾಡಿದವರೂ, ಆಮೇಲೆ ಮಾತಾಡಿದವರೂ ಸಿಗುತ್ತಾರೆ.